ಮಗನ ಕಣ್ಣಿನ ಹಿಂದೆ ಕೀವು ಇತ್ತು, ಆದರೂ ಆಪರೇಷನ್ ಮಾಡಲಿಲ್ಲ. ಇದು ಸರೀನಾ?

ಪ್ರಶ್ನೆ: ಡಾಕ್ಟರೇ, ನಮಸ್ಕಾರ. ನಾವು ಅರಸೀಕೆರೆ ಕಡೆಯವರು. ನನ್ನ ಮಗನಿಗೆ 6 ವರ್ಷ. ಅವನಿಗೆ ಒಂದು ವಾರ ಜೋರು ನೆಗಡಿ ಇತ್ತು. ಒಂದು ದಿನ ಬೆಳಗ್ಗೆ ಎದ್ದಾಗ ಎಡಗಣ್ಣಿನ ರೆಪ್ಪೆ ಕೆಂಪಾಗಿ ಊದಿತ್ತು. ಸೊಳ್ಳೆ ಕಚ್ಚಿರಬೇಕು ಅಂದುಕೊಂಡೆವು. ಊರಿನ ಡಾಕ್ಟರು ಸಿರಪ್ ಕೊಟ್ಟು, ಕಡಿಮೆ ಆಗದಿದ್ದರೆ ನಾಳೆಯೇ ಬನ್ನಿ ಅಂದರು. ಮಾರನೇ ದಿನ ಜ್ವರ ಏರಿತು. ಕಣ್ಣುಗುಡ್ಡೆ ಮುಂದಕ್ಕೆ ಬಂದಂತೆ ಕಾಣುತ್ತಿತ್ತು, ಆ ಕಡೆ ಈ ಕಡೆ ನೋಡು ಅಂದರೆ ನೋವು ಅಂತ ಅಳುತ್ತಿದ್ದ. ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಸಿಟಿ ಸ್ಕ್ಯಾನ್ ಮಾಡಿಸಿ, ಮೂಗಿನ ಕಡೆಯ ಮೂಳೆಗೂ ಕಣ್ಣಿಗೂ ನಡುವೆ ಸ್ವಲ್ಪ ಕೀವು ನಿಂತಿದೆ ಅಂದರು. ಆದರೆ ಆಪರೇಷನ್ ಮಾಡಲಿಲ್ಲ. 6 ದಿನ ನರಕ್ಕೆ ಇಂಜೆಕ್ಷನ್ ಕೊಟ್ಟು ಮನೆಗೆ ಕಳಿಸಿದ್ದಾರೆ. ಇನ್ನೂ ಎರಡು ವಾರ ಸಿರಪ್ ಕುಡಿಸಬೇಕಂತೆ. ಈಗ ಕಣ್ಣು ಮುಕ್ಕಾಲು ಪಾಲು ಸರಿಹೋಗಿದೆ. ಆದರೆ ನನ್ನ ಮೈದುನ, "ಕೀವು ತೆಗೆಯದೆ ಕಳಿಸಿದ್ದಾರೆ, ಅದು ಮಿದುಳಿಗೆ ಹೋಗುತ್ತೆ" ಅಂತಾನೆ. ಇದು ಬ್ಲ್ಯಾಕ್ ಫಂಗಸ್ ಇರಬಹುದು ಅಂತ ಪಕ್ಕದ ಮನೆಯವರು ಹೆದರಿಸುತ್ತಾರೆ. ಮೊದಲ ದಿನವೇ ದೊಡ್ಡ ಆಸ್ಪತ್ರೆಗೆ ಹೋಗಬೇಕಿತ್ತಾ? ಮತ್ತೆ ಬರುತ್ತಾ? ಎರಡು ವರ್ಷದ ಮಗಳೂ ಇದ್ದಾಳೆ, ಅವಳಿಗೆ ಅಂಟುತ್ತಾ?

ಉತ್ತರ: ನಿಮ್ಮ ಮೈದುನನ ಮಾತಿನಿಂದಲೇ ಶುರು ಮಾಡುತ್ತೇನೆ ಅಮ್ಮ, ನಿಮ್ಮ ನಿದ್ದೆ ಕೆಡಿಸಿರುವುದು ಅದೇ ಅಲ್ವಾ. ನೀವು ಬರೆದಿರುವ ವಿವರ ನೋಡಿದರೆ ಆಸ್ಪತ್ರೆಯವರು ಮಾಡಿದ್ದು ಸರಿಯಾಗಿದೆ. ಕೀವು ಎಲ್ಲಿದ್ದರೂ ಕೊಯ್ದು ತೆಗೆಯಬೇಕು ಅನ್ನುವುದು ನಮ್ಮ ಜನರಲ್ಲಿ ಆಳವಾಗಿ ಕೂತಿರುವ ಮಾತು. ಕಾಲಿನ ಕುರುವಿಗೆ ಅದು ಸರಿ. ನೆಗಡಿಯಿಂದ ಶುರುವಾಗಿ ಕಣ್ಣುಗೂಡಿನ ಒಳಬದಿಯಲ್ಲಿ ನಿಂತ ಸಣ್ಣ ಕೀವಿಗೆ, ಅದರಲ್ಲೂ 9 ವರ್ಷದೊಳಗಿನ ಮಗುವಿಗೆ, ಆ ಮಾತು ಹಾಗೇ ಹೊಂದುವುದಿಲ್ಲ. ಯಾಕೆ ಅಂತ ಹೇಳಬೇಕಾದರೆ ಕೀವು ಅಲ್ಲಿಗೆ ಹೇಗೆ ಬಂತು ಅನ್ನುವುದರಿಂದ ಹೇಳಬೇಕು.

ಮೂಗಿನ ಅಕ್ಕಪಕ್ಕದ ಮೂಳೆಗಳ ಒಳಗೆ ಗಾಳಿ ತುಂಬಿದ ಗೂಡುಗಳಿವೆ. ಅವೇ ಸೈನಸ್‌ಗಳು. ಎರಡು ಕಣ್ಣುಗಳ ನಡುವೆ ಇರುವ ಗುಂಪಿಗೆ ಎತ್ಮಾಯ್ಡ್ ಸೈನಸ್ ಅಂತ ಹೆಸರು. ಇದು ಹುಟ್ಟಿದ ಮಗುವಿಗೂ ಇರುತ್ತದೆ. ಹಣೆಯೊಳಗಿನ ಸೈನಸ್ ಬೆಳೆಯುವುದು ಆಮೇಲೆ, ಸುಮಾರು 6ರಿಂದ 8 ವರ್ಷದ ಹೊತ್ತಿಗೆ ಅದು ಗುರುತು ಸಿಗುವಷ್ಟಾಗುತ್ತದೆ. ಎತ್ಮಾಯ್ಡ್ ಸೈನಸ್‌ಗೂ ಕಣ್ಣುಗೂಡಿಗೂ ನಡುವೆ ಇರುವ ಗೋಡೆ ಅರ್ಧ ಮಿಲಿಮೀಟರಿನಷ್ಟೂ ದಪ್ಪ ಇಲ್ಲದ ಮೂಳೆ, ಹಪ್ಪಳಕ್ಕಿಂತ ತೆಳು. ಅದರಲ್ಲೂ ನರ, ರಕ್ತನಾಳಗಳು ಹಾಯಲು ಹುಟ್ಟಿನಿಂದಲೇ ತೂತುಗಳಿವೆ. ಜತೆಗೆ ಈ ಭಾಗದ ಅಭಿಧಮನಿಗಳಿಗೆ ಬೇರೆ ಕಡೆ ಇರುವಂತಹ ಕವಾಟಗಳಿಲ್ಲ. ಹಾಗಾಗಿ ರಕ್ತ ಎರಡೂ ದಿಕ್ಕಿಗೆ ಹರಿಯಬಹುದು. ಮೂಗಿನಿಂದ ಕಣ್ಣಿಗೆ, ಕಣ್ಣಿನಿಂದ ಮಿದುಳಿನ ಬುಡಕ್ಕೆ.

ನೆಗಡಿಯಾದಾಗ ಸೈನಸ್ಸಿನ ಬಾಯಿ ಊದಿ ಮುಚ್ಚಿಕೊಳ್ಳುತ್ತದೆ. ಒಳಗೆ ಸಿಂಬಳ ನಿಲ್ಲುತ್ತದೆ, ಅದರಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಸಾವಿರಾರು ಮಕ್ಕಳಿಗೆ ಇದು ಅಲ್ಲಿಗೇ ನಿಂತು ತಾನೇ ವಾಸಿಯಾಗುತ್ತದೆ. ಎಲ್ಲೋ ಕೆಲವರಿಗೆ ಮಾತ್ರ ಆ ತೆಳು ಗೋಡೆ ದಾಟುತ್ತದೆ. ನಿಮ್ಮ ಮಗನಿಗೆ ಆಗಿದ್ದು ಇದೇ. ನೀವು ತಲೆಗೆ ಎಣ್ಣೆ ಹಚ್ಚಿದ್ದಕ್ಕೋ, ಐಸ್‌ಕ್ರೀಮ್ ಕೊಡಿಸಿದ್ದಕ್ಕೋ ಬಂದದ್ದಲ್ಲ. ಯಾರ ದೃಷ್ಟಿಯೂ ತಾಗಿಲ್ಲ.

ರೆಪ್ಪೆ ಊದಿದ ಮಕ್ಕಳೆಲ್ಲರಿಗೂ ಇಷ್ಟು ದೊಡ್ಡ ಕಾಯಿಲೆ ಇರುವುದಿಲ್ಲ. ರೆಪ್ಪೆಯ ಒಳಗೆ ಮೂಳೆಯ ಅಂಚಿನಿಂದ ಇಳಿಯುವ ಒಂದು ತೆಳು ಪರದೆ ಇದೆ. ಸೋಂಕು ಆ ಪರದೆಯ ಮುಂದೆಯೇ ಇದ್ದರೆ ಊದುವುದು ರೆಪ್ಪೆ ಮಾತ್ರ. ಪರದೆಯ ಹಿಂದೆ ಹೋದರೆ ಕಣ್ಣುಗುಡ್ಡೆ, ಅದನ್ನು ತಿರುಗಿಸುವ ಸ್ನಾಯುಗಳು, ದೃಷ್ಟಿ ನರ ಎಲ್ಲವೂ ಅಪಾಯದಲ್ಲಿ. ಮೊದಲನೆಯದಕ್ಕೆ ನಾವು ಪ್ರಿಸೆಪ್ಟಲ್ ಸೆಲ್ಯುಲೈಟಿಸ್ ಅನ್ನುತ್ತೇವೆ, ಎರಡನೆಯದಕ್ಕೆ ಆರ್ಬಿಟಲ್ ಸೆಲ್ಯುಲೈಟಿಸ್. ಮೊದಲನೆಯದೇ ಜಾಸ್ತಿ. ಸೊಳ್ಳೆ ಕಚ್ಚಿದ್ದು, ಕಣ್ಣು ಕುಟಿಗೆ, ಗೀರು ಗಾಯ, ಇವೆಲ್ಲ ಅದಕ್ಕೆ ಕಾರಣ ಆಗಬಹುದು.

ತೊಂದರೆ ಏನೆಂದರೆ, ಹೊರಗಿನಿಂದ ಎರಡೂ ಒಂದೇ ತರಹ ಕಾಣುತ್ತವೆ. ಕೆಂಪಾಗಿ ಊದಿ ಮುಚ್ಚಿದ ರೆಪ್ಪೆ. ಅದಕ್ಕೇ ನಾನು ಕಿರಿಯ ವೈದ್ಯರಿಗೆ ಯಾವಾಗಲೂ ಹೇಳುವುದು: ರೆಪ್ಪೆ ಎಷ್ಟು ಊದಿದೆ ಅಂತ ಬರೆಯಬೇಡಿ, ರೆಪ್ಪೆ ತೆರೆದು ಒಳಗಿನ ಕಣ್ಣು ಹೇಗಿದೆ ಅಂತ ಬರೆಯಿರಿ. ಗುಡ್ಡೆ ಮುಂದಕ್ಕೆ ಬಂದಿದೆಯಾ? ಎಲ್ಲ ದಿಕ್ಕಿಗೂ ತಿರುಗುತ್ತದೆಯಾ? ತಿರುಗಿಸಿದರೆ ನೋವಿದೆಯಾ? ಒಂದು ವಸ್ತು ಎರಡಾಗಿ ಕಾಣುತ್ತದೆಯಾ? ನೋಟ ಮಂಜಾಗಿದೆಯಾ? ಟಾರ್ಚ್ ಬಿಟ್ಟರೆ ಪಾಪೆ ಚುರುಕಾಗಿ ಕಿರಿದಾಗುತ್ತದೆಯಾ? ಇದರಲ್ಲಿ ಒಂದರಲ್ಲಿ ತೊಂದರೆ ಕಂಡರೂ ಸಿರಪ್ ಕೊಟ್ಟು ಮನೆಗೆ ಕಳಿಸುವ ಕಾಯಿಲೆ ಅಲ್ಲ.

ಮೊದಲ ದಿನವೇ ದೊಡ್ಡ ಆಸ್ಪತ್ರೆಗೆ ಹೋಗಬೇಕಿತ್ತಾ ಅಂತ ಕೇಳಿದ್ದೀರಿ, ಅಂದರೆ ಊರಿನ ಡಾಕ್ಟರು ತಪ್ಪು ಮಾಡಿದರಾ ಅಂತ. ಮಗು ಆಡಿಕೊಂಡಿದ್ದು, ಜ್ವರ ಜೋರಿಲ್ಲದೆ, ಗುಡ್ಡೆ ಚೆನ್ನಾಗಿ ತಿರುಗುತ್ತಿದ್ದರೆ ಆಂಟಿಬಯಾಟಿಕ್ ಸಿರಪ್ ಕೊಟ್ಟು 24 ಗಂಟೆಯೊಳಗೆ ಮತ್ತೆ ನೋಡುವುದು ಎಲ್ಲ ಕಡೆ ನಡೆಯುವ ಪದ್ಧತಿ. ಅವರು "ನಾಳೆಯೇ ಬನ್ನಿ" ಅಂದಿದ್ದಾರೆ, ಆ ಒಂದು ಮಾತು ನಿಮ್ಮ ಮಗನ ಕಣ್ಣು ಉಳಿಸಿದೆ. "ಐದು ದಿನ ಔಷಧಿ ಮುಗಿಸಿ ಬನ್ನಿ" ಅಂದಿದ್ದರೆ ನಾನು ಒಪ್ಪುತ್ತಿರಲಿಲ್ಲ. ಈ ಕಾಯಿಲೆ ಒಂದು ರಾತ್ರಿಯಲ್ಲಿ ಪರದೆಯ ಮುಂದಿನಿಂದ ಹಿಂದಕ್ಕೆ ಹೋಗಬಲ್ಲದು. ಮೂರು ತಿಂಗಳೊಳಗಿನ ಕೂಸಾದರೆ ಮಾತ್ರ ಈ ಒಂದು ದಿನದ ಕಾಯುವಿಕೆಯೂ ಇಲ್ಲ. ಸೀದಾ ಅಡ್ಮಿಟ್.

ನನಗೆ ಸಿಟ್ಟು ಬರುವುದು ಇನ್ನೊಂದು ವಿಷಯಕ್ಕೆ. ಮೆಡಿಕಲ್ ಶಾಪಿನಲ್ಲಿ "ಕಣ್ಣು ಕೆಂಪಾಗಿದೆ" ಅಂದ ಕೂಡಲೇ ಸ್ಟೀರಾಯ್ಡ್ ಬೆರೆಸಿದ ಹನಿ ಕೊಟ್ಟು ಕಳಿಸುತ್ತಾರೆ. ಹನಿ ಔಷಧಿ ಗುಡ್ಡೆಯ ಹಿಂದೆ ತಲುಪುವುದೇ ಇಲ್ಲ. ಮದ್ರಾಸ್ ಐ ಅಂತ ಎರಡು ದಿನ ಹನಿ ಹಾಕಿಕೊಂಡು ಕೂತರೆ ಆ ಎರಡು ದಿನ ಹೋದಂತೆಯೇ. ಎದೆಹಾಲು, ಹರಳೆಣ್ಣೆ, ಸೊಪ್ಪಿನ ರಸ ಕಣ್ಣಿಗೆ ಹಿಂಡುವುದಂತೂ ಬೇಡವೇ ಬೇಡ.

ಇನ್ನು ಆಸ್ಪತ್ರೆಯಲ್ಲಿ ಏನು ಮಾಡಿದರು, ಯಾಕೆ ಮಾಡಿದರು ಅನ್ನುವುದು. ಕಾಂಟ್ರಾಸ್ಟ್ (ಒಳಗಿನದು ಎದ್ದು ಕಾಣಲಿ ಅಂತ ಕೊಡುವ ಔಷಧಿ) ಕೊಟ್ಟು ಮಾಡುವ ಸಿಟಿ ಸ್ಕ್ಯಾನ್ ಮೂರು ವಿಷಯ ತೋರಿಸುತ್ತದೆ: ಸೈನಸ್ಸಿನಲ್ಲಿ ಏನಿದೆ, ಕಣ್ಣುಗೂಡಿನಲ್ಲಿ ಕೀವು ಕಟ್ಟಿದೆಯಾ, ಕಟ್ಟಿದ್ದರೆ ಯಾವ ಗೋಡೆಗೆ ಅಂಟಿಕೊಂಡು ಎಷ್ಟು ದೊಡ್ಡದಿದೆ. ತಲೆನೋವು, ವಾಂತಿ, ಮಂಪರು ಇದ್ದು ಮಿದುಳಿನ ಬಗ್ಗೆ ಅನುಮಾನ ಬಂದರೆ ಎಂಆರ್‌ಐ ಕೂಡ ಬೇಕಾಗುತ್ತದೆ. ಈ ಕಾಯಿಲೆಯ ಹಂತಗಳನ್ನು 1970ರಲ್ಲಿ ಚಾಂಡ್ಲರ್ ಎಂಬ ವೈದ್ಯರು ಐದಾಗಿ ಹೇಳಿದರು, ಇವತ್ತಿಗೂ ಕೇಸ್ ಶೀಟಿನಲ್ಲಿ ಅದನ್ನೇ ಬರೆಯುತ್ತೇವೆ. ರೆಪ್ಪೆಯ ಊತ ಒಂದನೆಯದು. ಕಣ್ಣುಗೂಡಿನ ಒಳಗಿನ ಊತ ಎರಡನೆಯದು. ಮೂಳೆ ಮತ್ತು ಅದರ ಹೊದಿಕೆಯ ನಡುವೆ ಕೀವು ನಿಲ್ಲುವುದು ಮೂರನೆಯದು. ಕಣ್ಣುಗೂಡಿನ ಒಳಗೇ ಕೀವು ಕಟ್ಟುವುದು ನಾಲ್ಕನೆಯದು. ಮಿದುಳಿನ ಬುಡದ ದೊಡ್ಡ ಅಭಿಧಮನಿ ಜಾಲದಲ್ಲಿ ರಕ್ತ ಹೆಪ್ಪುಗಟ್ಟುವುದು ಐದನೆಯದು. ನಿಮ್ಮ ಮಗನದು ಮೂರನೆಯದು. ಎಲ್ಲರಿಗೂ ಒಂದರಿಂದ ಐದಕ್ಕೆ ಮೆಟ್ಟಿಲು ಹತ್ತಿದಂತೆ ಹೋಗುತ್ತದೆ ಅಂತ ಏನಿಲ್ಲ, ನೇರವಾಗಿ ಮೂರಕ್ಕೋ ನಾಲ್ಕಕ್ಕೋ ಬರುವ ಮಕ್ಕಳೂ ಇದ್ದಾರೆ.

ಇಂಜೆಕ್ಷನ್ ಆಯ್ಕೆ ಮಾಡುವಾಗ ನಮಗೆ ಯಾವ ಬ್ಯಾಕ್ಟೀರಿಯಾ ಅಂತ ಗೊತ್ತಿರುವುದಿಲ್ಲ. ರಕ್ತದ ಕಲ್ಚರ್‌ಗೆ ಕಳಿಸುತ್ತೇವೆ, ಆದರೆ ಹೆಚ್ಚಿನ ಸಲ ಅದರಲ್ಲಿ ಏನೂ ಬೆಳೆಯುವುದಿಲ್ಲ. ಹಾಗಾಗಿ ಈ ಜಾಗದಲ್ಲಿ ಸಾಮಾನ್ಯವಾಗಿ ಸಿಗುವ ಸ್ಟ್ರೆಪ್ಟೊಕಾಕಸ್, ಸ್ಟ್ಯಾಫಿಲೊಕಾಕಸ್ ಎರಡನ್ನೂ ಹಿಡಿಯುವ ಔಷಧಿ ಶುರು ಮಾಡುತ್ತೇವೆ. ನಿಮ್ಮ ಡಿಸ್ಚಾರ್ಜ್ ಚೀಟಿಯಲ್ಲಿ ಸೆಫ್ಟ್ರಿಯಾಕ್ಸೋನ್, ಜತೆಗೆ ವ್ಯಾಂಕೋಮೈಸಿನ್ ಅಥವಾ ಕ್ಲಿಂಡಾಮೈಸಿನ್ ಇರಬಹುದು, ನೋಡಿ. ವ್ಯಾಂಕೋಮೈಸಿನ್ ಸೇರಿಸುವುದು ಮಾಮೂಲಿ ಔಷಧಿಗೆ ಜಗ್ಗದ ಸ್ಟ್ಯಾಫಿಲೊಕಾಕಸ್ ಇದ್ದರೆ ಅಂತ. ಅದನ್ನು ಒಂದು ಗಂಟೆಯಾದರೂ ನಿಧಾನವಾಗಿ ಡ್ರಿಪ್‌ನಲ್ಲಿ ಬಿಡಬೇಕು. ಬೇಗ ಬಿಟ್ಟರೆ ಮುಖ ಕತ್ತು ಕೆಂಪಾಗಿ ಮೈ ಕಡಿಯುತ್ತದೆ. ಕಿಡ್ನಿ ಪರೀಕ್ಷೆಯನ್ನೂ ನಡುನಡುವೆ ಮಾಡುತ್ತಾರೆ. "ಸುಮ್ನೆ ರಕ್ತ ತೆಗೀತಾರೆ" ಅಂತ ಬೇಜಾರು ಪಟ್ಟುಕೊಳ್ಳುವ ತಂದೆತಾಯಿಗಳಿಗೆ ಈ ಮಾತು. ಮಿದುಳಿಗೆ ಹರಡಿದ ಅನುಮಾನ ಇದ್ದರೆ, ಅಥವಾ ಹಲ್ಲಿನ ಹುಳುಕಿನಿಂದ ಶುರುವಾಗಿದ್ದರೆ, ಗಾಳಿ ಇಲ್ಲದ ಜಾಗದಲ್ಲಿ ಬೆಳೆಯುವ ಬ್ಯಾಕ್ಟೀರಿಯಾಗೆ ಅಂತ ಮೆಟ್ರೊನಿಡಜೋಲ್ ಕೂಡ ಸೇರುತ್ತದೆ.

ಈಗ ಆಪರೇಷನ್ ವಿಷಯ. ಒಂದು ಕಾಲದಲ್ಲಿ ಸಿಟಿಯಲ್ಲಿ ಕೀವು ಕಂಡರೆ ಆ ದಿನವೇ ಆಪರೇಷನ್ ಅನ್ನುವವರು ಜಾಸ್ತಿ ಇದ್ದರು. ಅಮೆರಿಕದ ಕಣ್ಣಿನ ವೈದ್ಯ ಜೆರಾಲ್ಡ್ ಹ್ಯಾರಿಸ್ 1994ರಲ್ಲಿ ತಾವು ನೋಡಿದ ರೋಗಿಗಳ ಕೀವನ್ನು ವಯಸ್ಸಿನ ಪ್ರಕಾರ ಹೋಲಿಸಿ ನೋಡಿದರು. 9 ವರ್ಷದೊಳಗಿನ ಮಕ್ಕಳ ಕೀವಿನಲ್ಲಿ ಏನೂ ಬೆಳೆಯುತ್ತಿರಲಿಲ್ಲ, ಇಲ್ಲವೇ ಒಂದೇ ಜಾತಿಯ, ಔಷಧಿಗೆ ಬಗ್ಗುವ ಬ್ಯಾಕ್ಟೀರಿಯಾ ಸಿಗುತ್ತಿತ್ತು. 15 ದಾಟಿದವರಲ್ಲಿ ಹಲವು ಜಾತಿ ಸೇರಿಕೊಂಡು, ಗಾಳಿ ಬೇಡದ ಬ್ಯಾಕ್ಟೀರಿಯಾಗಳೂ ಇರುತ್ತಿದ್ದವು. ಆಂಟಿಬಯಾಟಿಕ್ ಕೊಟ್ಟು ದಿನಗಳಾದ ಮೇಲೂ ಅವರ ಕೀವಿನಲ್ಲಿ ಬ್ಯಾಕ್ಟೀರಿಯಾ ಸಿಗುತ್ತಿತ್ತು. ನಡುವಿನ ವಯಸ್ಸಿನವರದು ನಡುವಿನ ಕಥೆ.

ಇದಕ್ಕೆ ಅವರು ಕೊಟ್ಟ ಕಾರಣ ನನಗೆ ತುಂಬಾ ಇಷ್ಟ. ಚಿಕ್ಕ ಮಕ್ಕಳ ಸೈನಸ್ ಚಿಕ್ಕದು, ಅದಕ್ಕೆ ಹೋಲಿಸಿದರೆ ಬಾಯಿ ಅಗಲ. ಗಾಳಿ ಆಡುತ್ತದೆ, ಸಿಂಬಳ ಹರಿದುಹೋಗುತ್ತದೆ. ವಯಸ್ಸಾಗುತ್ತಾ ಸೈನಸ್ ದೊಡ್ಡದಾಗುತ್ತದೆ, ಬಾಯಿ ಮಾತ್ರ ಆ ಲೆಕ್ಕಕ್ಕೆ ಬೆಳೆಯುವುದಿಲ್ಲ. ಅದು ಮುಚ್ಚಿದರೆ ಒಳಗಿನ ಆಮ್ಲಜನಕ ಮುಗಿದುಹೋಗಿ, ಗಾಳಿ ಬೇಡದ ಬ್ಯಾಕ್ಟೀರಿಯಾಗಳಿಗೆ ಹಬ್ಬ. ಅದೇ ಸೋಂಕು, ಅದೇ ಜಾಗ. ಆದರೂ 6 ವರ್ಷದ ಹುಡುಗನಿಗೂ 16ರ ಹುಡುಗನಿಗೂ ಒಂದೇ ಚಿಕಿತ್ಸೆ ಅಲ್ಲದಿರುವುದು ಇದಕ್ಕೇ.

2000ದಲ್ಲಿ ಅವರು ಮತ್ತು ಅವರ ಜತೆಗಾರರು ಈ ಲೆಕ್ಕಾಚಾರವನ್ನು ಮುಂಚಿತವಾಗಿ ನಿಯಮ ಹಾಕಿಕೊಂಡು ಪರೀಕ್ಷಿಸಿದರು. ಮಗು 9 ವರ್ಷದೊಳಗಿರಬೇಕು. ನೋಟ ಕಡಿಮೆಯಾಗಿರಬಾರದು. ಕೀವು ಮೂಗಿನ ಕಡೆಯ ಗೋಡೆಗೆ ಇರಬೇಕು, ತೀರಾ ದೊಡ್ಡದಿರಬಾರದು. ಹಣೆಯ ಸೈನಸ್ ಮತ್ತು ಮಿದುಳಿಗೆ ಹರಡಿರಬಾರದು. ಹಲ್ಲಿನಿಂದ ಬಂದಿರಬಾರದು. ಹೀಗಿದ್ದ ಮಕ್ಕಳಿಗೆ ಇಂಜೆಕ್ಷನ್ ಮಾತ್ರ ಕೊಟ್ಟು ಗಮನವಿಟ್ಟು ನೋಡಿದಾಗ ಬಹುತೇಕ ಎಲ್ಲರೂ ಚಾಕು ಮುಟ್ಟದೆ ವಾಸಿಯಾದರು. ನಿಮ್ಮ ಮಗನ ವಿವರ ಈ ಪಟ್ಟಿಗೆ ಹೊಂದುತ್ತದೆ. ಆಪರೇಷನ್ ಬೇಡ ಅಂದಿದ್ದು ಆಲಸ್ಯದಿಂದ ಅಲ್ಲ.

ಹಾಗಾದರೆ ಆ ಕೀವು ಎಲ್ಲಿ ಹೋಯಿತು? ಬ್ಯಾಕ್ಟೀರಿಯಾ ಸತ್ತ ಮೇಲೆ ಉಳಿದದ್ದನ್ನು ದೇಹದ ಬಿಳಿ ರಕ್ತಕಣಗಳು ನಿಧಾನವಾಗಿ ಹೀರಿ ಸ್ವಚ್ಛ ಮಾಡುತ್ತವೆ. ಇದಕ್ಕೆ ವಾರಗಳು ಬೇಕು. ಅದಕ್ಕೇ ಸಿಟಿ ಯಾವಾಗಲೂ ಮಗುವಿಗಿಂತ ಹಿಂದೆ ಇರುತ್ತದೆ. ಮಗು ನಗುತ್ತಾ ಊಟ ಮಾಡುತ್ತಿರುವಾಗ ಸ್ಕ್ಯಾನ್ ಮಾಡಿದರೆ ಕೀವು ಮೊದಲಿನಷ್ಟೇ ಇದ್ದಂತೆ, ಒಮ್ಮೊಮ್ಮೆ ಸ್ವಲ್ಪ ಜಾಸ್ತಿ ಇದ್ದಂತೆಯೂ ಕಾಣಬಹುದು. "ಕೀವು ಹೋಗಿದೆಯಾ ಅಂತ ಇನ್ನೊಂದು ಸಿಟಿ ಮಾಡಿಸಿಬಿಡೋಣ" ಅಂತ ಮೈದುನ ಹೇಳಿದರೆ ಬೇಡ ಅನ್ನಿ. ಮಗು ಸುಧಾರಿಸುತ್ತಿರುವಾಗ ಸುಮ್ನೆ ಸ್ಕ್ಯಾನ್ ಮಾಡಿದರೆ ವಿಕಿರಣವೂ ಹೆಚ್ಚು, ಗೊಂದಲವೂ ಹೆಚ್ಚು.

ಆದರೆ ಕಾಯುವುದಕ್ಕೂ ಸುಮ್ಮನೆ ಕೂರುವುದಕ್ಕೂ ವ್ಯತ್ಯಾಸ ಇದೆ. ಆಪರೇಷನ್ ಬೇಡ ಅಂತ ತೀರ್ಮಾನಿಸಿದ ವೈದ್ಯರಿಗೆ ಮೊದಲ ಎರಡು ದಿನ ನೆಮ್ಮದಿ ಇರುವುದಿಲ್ಲ. ಕೆಲವು ಗಂಟೆಗೊಮ್ಮೆ, ರಾತ್ರಿಯೂ ಎಬ್ಬಿಸಿ, ಪಾಪೆಗೆ ಟಾರ್ಚ್ ಬಿಟ್ಟು, ಒಂದು ಕಣ್ಣು ಮುಚ್ಚಿ ಬೆರಳು ಎಷ್ಟು ಅಂತ ಕೇಳಿ ನೋಡಬೇಕು. ಕೆಂಪು ಬಣ್ಣದ ವಸ್ತು ಎರಡೂ ಕಣ್ಣಿಗೆ ಒಂದೇ ತರಹ ಕೆಂಪಾಗಿ ಕಾಣುತ್ತದಾ ಅಂತ ಕೇಳುತ್ತೇವೆ. ದೃಷ್ಟಿ ನರದ ಮೇಲೆ ಒತ್ತಡ ಬಿದ್ದಾಗ ಅಕ್ಷರ ಮಸುಕಾಗುವ ಮುಂಚೆಯೇ ಕೆಂಪು ಬಣ್ಣ ಮಾಸಿದಂತೆ ಕಾಣಲು ಶುರುವಾಗುತ್ತದೆ. ನಿಮ್ಮ ಮಗನನ್ನು ರಾತ್ರಿಯೆಲ್ಲ ಎಬ್ಬಿಸಿ ಕಾಟ ಕೊಟ್ಟಿರುತ್ತಾರೆ. ಅದು ಒಳ್ಳೆಯ ವಾರ್ಡಿನ ಲಕ್ಷಣ.

ಮೊದಲ 24 ಗಂಟೆ ಊತ ಸ್ವಲ್ಪ ಹೆಚ್ಚಾದರೂ ಗಾಬರಿ ಇಲ್ಲ. 48 ಗಂಟೆಯ ಹೊತ್ತಿಗೆ ಜ್ವರ ಇಳಿಯಬೇಕು, ಗುಡ್ಡೆಯ ಚಲನೆ ಸ್ವಲ್ಪವಾದರೂ ಸುಧಾರಿಸಬೇಕು. ಆಗದಿದ್ದರೆ ಮತ್ತೆ ಸ್ಕ್ಯಾನ್ ಮಾಡಿ ಕೀವು ತೆಗೆಯುವ ಯೋಚನೆ ಮಾಡುತ್ತೇವೆ. ನೋಟ ಇಳಿಯಲು ಶುರುವಾದರೆ ಮಾತ್ರ 48 ಗಂಟೆಯ ಲೆಕ್ಕ ಇಲ್ಲ. ಆ ಗಂಟೆಯಲ್ಲೇ ಆಪರೇಷನ್, ಮಧ್ಯರಾತ್ರಿಯಾದರೂ ಸರಿ. ಒತ್ತಡಕ್ಕೆ ಸಿಕ್ಕ ದೃಷ್ಟಿ ನರ ಕೆಲವೇ ಗಂಟೆಗಳಲ್ಲಿ ಶಾಶ್ವತವಾಗಿ ಕೆಡಬಹುದು. ಕೀವು ಕಣ್ಣುಗೂಡಿನ ಮೇಲ್ಛಾವಣಿಗೆ ಇದ್ದರೆ, ಕೀವಿನೊಳಗೆ ಗಾಳಿಗುಳ್ಳೆ ಕಂಡರೆ, ಹಣೆಯ ಸೈನಸ್ ತುಂಬಿದ್ದರೆ ಕೂಡ ನಾವು ಬೇಗ ಆಪರೇಷನ್ ಕಡೆ ವಾಲುತ್ತೇವೆ.

ಆಪರೇಷನ್ ಅಂದರೆ ಕಣ್ಣು ತೆಗೆಯುವುದು ಅಂತ ತಿಳಿದು ಓಡಿಹೋಗುವವರಿದ್ದಾರೆ. ಹಾಗಲ್ಲ. ಬಹುಪಾಲು ಮಕ್ಕಳಿಗೆ ಇಎನ್‌ಟಿ ವೈದ್ಯರು ಮೂಗಿನ ಒಳಗಿನಿಂದಲೇ ದುರ್ಬೀನು ಹಾಕಿ ಸೈನಸ್ ತೆರೆದು ಕೀವಿಗೆ ದಾರಿ ಮಾಡುತ್ತಾರೆ, ಹೊರಗೆ ಗಾಯದ ಗುರುತೂ ಇರುವುದಿಲ್ಲ. ಕೀವು ಇರುವ ಜಾಗ ಮೂಗಿನಿಂದ ಎಟುಕದಿದ್ದರೆ ಕಣ್ಣಿನ ವೈದ್ಯರು ರೆಪ್ಪೆಯ ಬಳಿ ಚಿಕ್ಕ ಗೀರು ಹಾಕುತ್ತಾರೆ.

ಸ್ಟೀರಾಯ್ಡ್ ಬಗ್ಗೆಯೂ ಒಂದು ಮಾತು. ಆಂಟಿಬಯಾಟಿಕ್ ಕೆಲಸ ಮಾಡುತ್ತಿದೆ ಅಂತ ಖಚಿತವಾದ ಮೇಲೆ ಊತ ಇಳಿಸಲು ಕೆಲವು ಆಸ್ಪತ್ರೆಗಳಲ್ಲಿ ಸ್ವಲ್ಪ ದಿನ ಸ್ಟೀರಾಯ್ಡ್ ಕೊಡುತ್ತಾರೆ. ಅದರಿಂದ ಲಾಭ ಎಷ್ಟು ಅನ್ನುವುದಕ್ಕೆ ಗಟ್ಟಿ ಪುರಾವೆ ಇನ್ನೂ ಇಲ್ಲ. ನಾನು ಎಲ್ಲರಿಗೂ ಕೊಡುವುದಿಲ್ಲ. ಶಿಲೀಂಧ್ರದ ಅನುಮಾನ ಇದ್ದರಂತೂ ಮುಟ್ಟುವುದಿಲ್ಲ.

ಹಾಗೆ ಬ್ಲ್ಯಾಕ್ ಫಂಗಸ್‌ಗೆ ಬಂದೆವು. 2021ರ ಕೋವಿಡ್ ಎರಡನೇ ಅಲೆಯಲ್ಲಿ ಜನ ಅದನ್ನು ನೋಡಿ ಹೆದರಿದ್ದಾರೆ, ತಪ್ಪೇನಿಲ್ಲ. ಅದೂ ಮೂಗು, ಸೈನಸ್ ದಾರಿಯಿಂದಲೇ ಕಣ್ಣಿಗೆ ಬರುತ್ತದೆ. ಆದರೆ ಅದು ಹಿಡಿಯುವುದು ಸಕ್ಕರೆ ಕಾಯಿಲೆ ಹಿಡಿತ ತಪ್ಪಿದವರನ್ನು, ರಕ್ತದ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆಯುತ್ತಿರುವವರನ್ನು, ತುಂಬಾ ದಿನ ಸ್ಟೀರಾಯ್ಡ್ ತೆಗೆದುಕೊಂಡವರನ್ನು. ಮೂಗಿನಲ್ಲೋ ಅಂಗುಳಿನಲ್ಲೋ ಕಪ್ಪು ಹಕ್ಕಳೆ ಕಾಣುತ್ತದೆ. ಅದಕ್ಕೆ ಬೇಕಾದದ್ದು ಆಂಫೊಟೆರಿಸಿನ್ ಇಂಜೆಕ್ಷನ್ ಮತ್ತು ಸತ್ತ ಭಾಗವನ್ನು ತೆಗೆಯುವ ಆಪರೇಷನ್. ಬರೀ ಬ್ಯಾಕ್ಟೀರಿಯಾ ಔಷಧಿಗೆ ಆರು ದಿನದಲ್ಲಿ ಸುಧಾರಿಸಿದ ಆರೋಗ್ಯವಂತ ಹುಡುಗನಿಗೆ ಬ್ಲ್ಯಾಕ್ ಫಂಗಸ್ ಇರುವುದಿಲ್ಲ. ಪಕ್ಕದ ಮನೆಯವರಿಗೆ ಇಷ್ಟು ಹೇಳಿ.

ನಾವು ವೈದ್ಯರು ಹೆಚ್ಚು ತಲೆ ಕೆಡಿಸಿಕೊಳ್ಳುವ ಹುಸಿವೇಷಗಳು ಬೇರೆ ಇವೆ. ಎರಡು ಮೂರು ವರ್ಷದ ಮಗುವಿನ ಕಣ್ಣು ಹೀಗೆಯೇ ಕೆಂಪಾಗಿ ಊದಿ, ಸೈನಸ್ ಮಾತ್ರ ಪೂರ್ತಿ ಶುಭ್ರವಾಗಿದ್ದರೆ ಕಣ್ಣಿನ ಒಳಗಿನ ಕ್ಯಾನ್ಸರ್ ರೆಟಿನೊಬ್ಲಾಸ್ಟೋಮ ನೆನಪಿಗೆ ಬರಬೇಕು. ಫೋಟೋದಲ್ಲಿ ಪಾಪೆ ಬೆಳ್ಳಗೆ ಹೊಳೆದಿದ್ದನ್ನು ತಾಯಿ ಮುಂಚೆಯೇ ಗಮನಿಸಿರುತ್ತಾಳೆ, ಯಾರೂ ಕೇಳಿರುವುದಿಲ್ಲ. ಇನ್ನು ಹಳ್ಳಿ ಮಕ್ಕಳಲ್ಲಿ ಕಡ್ಡಿ ಚುಚ್ಚಿದ ಗಾಯ. ಒಣಗಿದ ಕಟ್ಟಿಗೆಯ ಚೂರು ಸಿಟಿಯಲ್ಲಿ ಗಾಳಿಯಂತೆ ಕಪ್ಪಗೆ ಕಂಡು ಕಣ್ತಪ್ಪಿಸುತ್ತದೆ. ಬೇಲಿ ಹಾರುವಾಗ ಬಿದ್ದಿದ್ದು, ಕೋಲಾಟ ಆಡುವಾಗ ತಾಗಿದ್ದು ಇದ್ದರೆ ಬೈಗುಳಕ್ಕೆ ಹೆದರದೆ ಮಗು ಹೇಳುವಂತೆ ಮಾಡಿ, ವೈದ್ಯರಿಗೂ ತಿಳಿಸಿ.

ಈಗ ನಿಮ್ಮ ಕೈಲಿರುವ ಕೆಲಸ. ಸಿರಪ್ ಪೂರ್ತಿ ಮುಗಿಸಬೇಕು. ಕಣ್ಣು ಚೆನ್ನಾಗಿ ಕಾಣುತ್ತಿದೆ ಅಂತ ಐದನೇ ದಿನಕ್ಕೆ ನಿಲ್ಲಿಸಬೇಡಿ. ಇಂಜೆಕ್ಷನ್ ಮತ್ತು ಸಿರಪ್ ಸೇರಿ ಒಟ್ಟು ಎರಡರಿಂದ ಮೂರು ವಾರ ಅನ್ನುವುದು ಈ ಕಾಯಿಲೆಯ ಸಾಮಾನ್ಯ ಲೆಕ್ಕ. ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಆಗಿದ್ದರೆ ಒಂದು ವಿಷಯ ಗೊತ್ತಿರಲಿ: ಪುಡಿಗೆ ನೀರು ಬೆರೆಸಿದ ಮೇಲೆ ಬಾಟಲಿಯನ್ನು ಫ್ರಿಜ್‌ನಲ್ಲಿ ಇಡಬೇಕು, ಸಾಮಾನ್ಯವಾಗಿ ಒಂದು ವಾರದ ಮೇಲೆ ಬಳಸಬಾರದು. ಅಂದರೆ ಎರಡು ವಾರಕ್ಕೆ ಹೊಸ ಬಾಟಲಿ ಬೇಕೇ ಬೇಕು. ಮನೆಯಲ್ಲಿ ಫ್ರಿಜ್ ಇಲ್ಲದಿದ್ದರೆ ವೈದ್ಯರಿಗೆ ಹೇಳಿ, ನೀರಿನಲ್ಲಿ ಕರಗುವ ಮಾತ್ರೆ ಬರೆದುಕೊಡಬಹುದು. ಕುದಿಸಿ ಆರಿಸಿದ ನೀರನ್ನು ಬಾಟಲಿಯ ಗೆರೆಯವರೆಗೆ ಹಾಕಿ, ಪ್ರತಿ ಸಲ ಕುಲುಕಿ ಕೊಡಿ. ಊಟದ ಜತೆ ಕೊಟ್ಟರೆ ಹೊಟ್ಟೆ ಕೆಡುವುದು ಕಡಿಮೆ. ಸ್ವಲ್ಪ ಭೇದಿಯಾದರೆ ಮೊಸರನ್ನ ಕೊಡಿ, ಔಷಧಿ ನಿಲ್ಲಿಸಬೇಡಿ. ಮೈಮೇಲೆ ದದ್ದು ಎದ್ದರೆ ಮಾತ್ರ ಅಂದೇ ಫೋನ್ ಮಾಡಿ ಕೇಳಿ.

ಮೂಗು ಕಟ್ಟಿದರೆ ಉಪ್ಪುನೀರಿನ ಹನಿ ಎಷ್ಟು ಸಲ ಹಾಕಿದರೂ ಹಾನಿ ಇಲ್ಲ. ಮೂಗು ಬಿಡಿಸುವ ಔಷಧಿ ಹನಿಗಳನ್ನು ಮಾತ್ರ ವೈದ್ಯರು ಹೇಳಿದಷ್ಟೇ ದಿನ. ಅತಿಯಾದರೆ ಅದರಿಂದಲೇ ಮೂಗು ಇನ್ನಷ್ಟು ಕಟ್ಟುತ್ತದೆ.

ದಿನಕ್ಕೊಂದು ಸಲ ಅವನನ್ನು ಬೆಳಕಿಗೆ ಕೂರಿಸಿ ನೋಡಿ. ತಲೆ ಅಲ್ಲಾಡಿಸದೆ ನಿಮ್ಮ ಕೈಲಿರುವ ಬಿಸ್ಕತ್ತನ್ನು ಕಣ್ಣಿನಿಂದಲೇ ಹಿಂಬಾಲಿಸಲಿ, ಮೇಲೆ ಕೆಳಗೆ, ಆ ಕಡೆ ಈ ಕಡೆ. ಬಲಗಣ್ಣು ಮುಚ್ಚಿ ಗೋಡೆಯ ಕ್ಯಾಲೆಂಡರ್ ಓದಿಸಿ. ಅವನ ಹಿಂದೆ ನಿಂತು ತಲೆ ಸ್ವಲ್ಪ ಹಿಂದಕ್ಕೆ ವಾಲಿಸಿ ಹಣೆಯ ಮೇಲಿನಿಂದ ನೋಡಿದರೆ ಎರಡು ಗುಡ್ಡೆಗಳಲ್ಲಿ ಯಾವುದು ಮುಂದಿದೆ ಅಂತ ಚೆನ್ನಾಗಿ ಗೊತ್ತಾಗುತ್ತದೆ. ಒಂದೇ ಜಾಗ, ಒಂದೇ ಬೆಳಕಿನಲ್ಲಿ ಮೊಬೈಲ್ ಫೋಟೋ ತೆಗೆದಿಡಿ. "ನಿನ್ನೆಗಿಂತ ಜಾಸ್ತಿನಾ ಕಮ್ಮಿನಾ" ಅನ್ನುವ ಜಗಳಕ್ಕೆ ಫೋಟೋದಷ್ಟು ಒಳ್ಳೆಯ ಸಾಕ್ಷಿ ಇಲ್ಲ. ಗುಡ್ಡೆಯನ್ನು ಒತ್ತಿ ನೋಡಬೇಡಿ.

ಜ್ವರ ತಿರುಗಿ ಬಂದರೆ, ಗುಡ್ಡೆ ಮತ್ತೆ ಮುಂದಕ್ಕೆ ಬಂದಂತೆ ಕಂಡರೆ, ಒಂದು ಎರಡಾಗಿ ಕಾಣುತ್ತದೆ ಅಂದರೆ, ಬಲಗಣ್ಣೂ ಊದಲು ಶುರುವಾದರೆ, ಜೋರು ತಲೆನೋವು, ವಾಂತಿ, ಕತ್ತು ಬಿಗಿತ, ಫಿಟ್ಸ್ ಅಥವಾ ಎಬ್ಬಿಸಿದರೂ ಏಳದ ಮಂಪರು ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ. 108ಕ್ಕೆ ಫೋನ್ ಮಾಡಿ. ಹೋಗುವುದು ಮಕ್ಕಳ ವೈದ್ಯರು, ಕಣ್ಣಿನ ವೈದ್ಯರು, ಇಎನ್‌ಟಿ, ಸಿಟಿ ಸ್ಕ್ಯಾನ್ ನಾಲ್ಕೂ ಒಂದೇ ಕಡೆ ಇರುವ ಆಸ್ಪತ್ರೆಗೆ. ಮೆಡಿಕಲ್ ಕಾಲೇಜು ಆಸ್ಪತ್ರೆ ಆದರೆ ಒಳ್ಳೆಯದು. ಕಣ್ಣಿನದೇ ಆಸ್ಪತ್ರೆಗೆ ಹೋದರೆ ಅಲ್ಲಿಂದ ಮತ್ತೆ ಇನ್ನೊಂದು ಕಡೆಗೆ ಕಳಿಸಬೇಕಾಗಬಹುದು. ಹಳೆಯ ಸಿಟಿ ಫಿಲ್ಮ್, ಡಿಸ್ಚಾರ್ಜ್ ಚೀಟಿ, ರೇಷನ್ ಕಾರ್ಡ್, ಆಧಾರ್ ಒಂದೇ ಚೀಲದಲ್ಲಿ ಇಟ್ಟಿರಿ. ಸರ್ಕಾರಿ ಯೋಜನೆಯ ವಿಷಯ ಅಲ್ಲಿನ ಆರೋಗ್ಯಮಿತ್ರರನ್ನು ಕೇಳಿ.

ಹೀಗೆ ಹೆದರಿಸಿದ್ದಕ್ಕೆ ಬೇಜಾರಾಗಬೇಡಿ. ಆಂಟಿಬಯಾಟಿಕ್ ಬರುವ ಮುಂಚಿನ ಕಾಲದಲ್ಲಿ ಈ ಕಾಯಿಲೆ ಬಂದವರಲ್ಲಿ ಸುಮಾರು ಐವರಲ್ಲಿ ಒಬ್ಬರು ಸಾಯುತ್ತಿದ್ದರು, ಬದುಕಿದವರಲ್ಲೂ ಹತ್ತಿರಹತ್ತಿರ ಅಷ್ಟೇ ಮಂದಿ ಆ ಕಣ್ಣು ಕಳೆದುಕೊಳ್ಳುತ್ತಿದ್ದರು. ಈಗ ಸಮಯಕ್ಕೆ ಬಂದ ಮಕ್ಕಳಲ್ಲಿ ಹೆಚ್ಚಿನವರು ಪೂರ್ತಿ ನೋಟದೊಂದಿಗೆ ಮನೆಗೆ ಹೋಗುತ್ತಾರೆ.

ಮತ್ತೆ ಬರುವುದು ಅಪರೂಪ. ಎರಡನೇ ಸಲ ಬಂದರೆ ಬರೀ ಔಷಧಿ ಕೊಟ್ಟು ಕಳಿಸಬಾರದು, ಕಾರಣ ಹುಡುಕಬೇಕು. ಮೂಗಿನಲ್ಲಿ ಮಣಿಯೋ ಕಾಳೋ ಸಿಕ್ಕಿಕೊಂಡಿದೆಯಾ, ಮೂಗಿನ ಹಿಂದಿರುವ ಅಡಿನಾಯ್ಡ್ ಅನ್ನುವ ಗಂಟು ದೊಡ್ಡದಿದೆಯಾ, ಮೇಲಿನ ದವಡೆ ಹಲ್ಲು ಹುಳುಕಾಗಿದೆಯಾ, ರೋಗ ತಡೆಯುವ ಶಕ್ತಿಯಲ್ಲಿ ಏನಾದರೂ ಕೊರತೆ ಇದೆಯಾ. ಹಲ್ಲನ್ನಂತೂ ಈಗಲೇ ಒಮ್ಮೆ ತೋರಿಸಿಬಿಡಿ. ಸಿರಪ್ ಮುಗಿದ ಮೇಲೆ ಕಣ್ಣಿನ ವೈದ್ಯರು ನೋಟ, ಬಣ್ಣ, ಗುಡ್ಡೆಯ ಚಲನೆ ಪರೀಕ್ಷಿಸಬೇಕು. ಇಎನ್‌ಟಿ ವೈದ್ಯರು ಮೂಗು ನೋಡಬೇಕು. ಮೈ ಹುಷಾರಾಗಿದ್ದರೆ ಶಾಲೆಗೆ ಕಳಿಸಬಹುದು.

ಮಗಳ ವಿಷಯ. ಕಣ್ಣುಗೂಡಿನ ಸೋಂಕು ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಅಂಟುವುದು ನೆಗಡಿ. ಟವೆಲ್ ಬೇರೆ ಇರಲಿ, ಕೈ ತೊಳೆಸಿ, ಅಷ್ಟು ಸಾಕು. ಅದಕ್ಕಿಂತ ಮುಖ್ಯವಾಗಿ ಅವಳ ತಾಯಿ ಕಾರ್ಡ್ ತೆಗೆದು ನೋಡಿ. ಒಂದು ಕಾಲಕ್ಕೆ ಚಿಕ್ಕ ಮಕ್ಕಳಲ್ಲಿ ಈ ಸೋಂಕಿಗೆ ಹಿಮೋಫಿಲಸ್ ಇನ್‌ಫ್ಲುಯೆಂಜಾ ಬಿ ಅನ್ನುವ ಬ್ಯಾಕ್ಟೀರಿಯಾ ದೊಡ್ಡ ಕಾರಣವಾಗಿತ್ತು. ಲಸಿಕೆ ಬಂದ ಕಡೆಯಲ್ಲೆಲ್ಲ ಅದು ಕಾಣುವುದೇ ಅಪರೂಪವಾಯಿತು. ಕರ್ನಾಟಕದಲ್ಲಿ 2013ರ ಸುಮಾರಿನಿಂದ ಸರ್ಕಾರಿ ಕೇಂದ್ರಗಳಲ್ಲಿ 6, 10, 14ನೇ ವಾರಕ್ಕೆ ಹಾಕುವ ಪೆಂಟಾವೇಲೆಂಟ್ ಚುಚ್ಚುಮದ್ದಿನಲ್ಲೇ ಅದು ಸೇರಿದೆ. ನ್ಯುಮೊಕಾಕಸ್ ಅನ್ನುವ ಇನ್ನೊಂದು ಬ್ಯಾಕ್ಟೀರಿಯಾ ವಿರುದ್ಧದ ಪಿಸಿವಿ ಲಸಿಕೆಯೂ 2021ರ ಹೊತ್ತಿಗೆ ದೇಶದ ಎಲ್ಲ ಕಡೆ ಬಂತು, 6 ಮತ್ತು 14ನೇ ವಾರ, ಆಮೇಲೆ 9 ತಿಂಗಳಿಗೆ. ಕಾರ್ಡಿನಲ್ಲಿ ಈ ಸಾಲುಗಳು ಖಾಲಿ ಇದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ. ಐದು ವರ್ಷದೊಳಗೆ ತಪ್ಪಿದ ಡೋಸ್ ಹಾಕಿಸಿಕೊಳ್ಳಲು ಇನ್ನೂ ಅವಕಾಶ ಇದೆ.